ತುಕ್ಕು ಹಿಡಿಯದ ಯಮಾಟೊ

ಜಪಾನಿನ ಹಿರೋಶಿಮಾ ಪ್ರಾಂತದಲ್ಲಿ ಕುರೆ ಎಂಬ ಬಂದರು ನಗರವಿದೆ. 2005ರ ಏಪ್ರಿಲ್‌ನಲ್ಲಿ ಅಲ್ಲಿ ಬಾಗಿಲು ತೆರೆದ ಸಾಗರ ವಸ್ತುಸಂಗ್ರಹಾಲಯದ ನಟ್ಟನಡುವಿನ ಅಂಗಳದಲ್ಲಿ ಒಂದು ಹಡಗನ್ನು ನಿಲ್ಲಿಸಲಾಯಿತು. ಉದ್ದ 26.3 ಮೀಟರ್. ಇದು ಸಮುದ್ರಕ್ಕೆ ಹೊರಟ ಹಡಗಲ್ಲ. ಎರಡನೇ ಮಹಾಯುದ್ಧದಲ್ಲಿ ಜಪಾನಿನ ನೌಕಾಪಡೆಯ ಹೆಮ್ಮೆಯಾಗಿದ್ದ 'ಯಮಾಟೊ' ಎಂಬ ಯುದ್ಧನೌಕೆಯ ಹತ್ತರಲ್ಲಿ ಒಂದಂಶದ ಮಾದರಿ. ಜನ ಆ ಕಟ್ಟಡವನ್ನೇ 'ಯಮಾಟೊ ಮ್ಯೂಸಿಯಂ' ಎಂದು ಕರೆಯತೊಡಗಿದರು. ಹಡಗಿನ ಮೈಗೆ ಬೂದು ಬಣ್ಣ, ನೀರಿನಡಿಯ ಭಾಗಕ್ಕೆ ಕೆಂಪು, ಮೇಲೆ ಮರದ ಹಲಗೆಗಳ ಡೆಕ್ಕು. ಎಲ್ಲವೂ ಅಚ್ಚುಕಟ್ಟು. ಇವತ್ತೇ ಬಣ್ಣ ಬಳಿದು ಮುಗಿಸಿದಂತೆ.

ಈ ಅಚ್ಚುಕಟ್ಟುತನವೇ ನಮ್ಮ ತಕರಾರಿನ ವಿಷಯ.

ಮೊದಲು ಮೂಲ ಹಡಗಿನ ಕಥೆಯನ್ನು ನೆನೆಯೋಣ. ಯಮಾಟೊ ಕಟ್ಟಿದ್ದು ಇದೇ ಕುರೆಯ ನೌಕಾ ಕಾರ್ಖಾನೆಯಲ್ಲಿ, ಅತ್ಯಂತ ಗುಟ್ಟಾಗಿ. 1940ರ ಆಗಸ್ಟ್‌ನಲ್ಲಿ ನೀರಿಗಿಳಿದು 1941ರ ಡಿಸೆಂಬರ್ 16ರಂದು ಸೇವೆಗೆ ಸೇರಿತು. 263 ಮೀಟರ್ ಉದ್ದ, ಪೂರ್ತಿ ತುಂಬಿದಾಗ ಸುಮಾರು 72,000 ಟನ್ ಭಾರ. 46 ಸೆಂಟಿಮೀಟರ್ ಬಾಯಿಯ ಒಂಬತ್ತು ಫಿರಂಗಿಗಳು. ಜಗತ್ತಿನ ಯಾವ ಯುದ್ಧನೌಕೆಯಲ್ಲೂ ಇಷ್ಟು ದೊಡ್ಡ ಫಿರಂಗಿಗಳಿರಲಿಲ್ಲ. ಆದರೆ ಅದು ಹುಟ್ಟುವ ಹೊತ್ತಿಗೇ ಅದರ ಕಾಲ ಮುಗಿದಿತ್ತು. ಸಮುದ್ರ ಯುದ್ಧದ ಸೋಲುಗೆಲುವನ್ನು ವಿಮಾನಗಳು ನಿರ್ಧರಿಸತೊಡಗಿದ್ದವು. ಪೆಸಿಫಿಕ್ ಸಾಗರದ ಟ್ರುಕ್ ದ್ವೀಪಗಳಲ್ಲಿ ತಿಂಗಳುಗಟ್ಟಲೆ ಸುಮ್ಮನೆ ಲಂಗರು ಹಾಕಿ ನಿಂತ ಈ ಹಡಗಿಗೆ 'ಹೊಟೇಲ್ ಯಮಾಟೊ' ಎಂಬ ಕುಹಕದ ಹೆಸರೂ ಬಂತು.

ಕೊನೆಗೆ 1945ರ ಏಪ್ರಿಲ್‌ನಲ್ಲಿ, ಓಕಿನಾವಾ ದ್ವೀಪದಲ್ಲಿ ಅಮೆರಿಕದ ಸೈನ್ಯ ಇಳಿದಾಗ, ಒಂದು ಲಘು ಕ್ರೂಸರ್ ಮತ್ತು ಎಂಟು ಡಿಸ್ಟ್ರಾಯರ್‌ಗಳ ಜೊತೆ ಅದನ್ನು ಅಲ್ಲಿಗೆ ಅಟ್ಟಲಾಯಿತು. ಮೇಲೆ ಕಾಯಲು ವಿಮಾನಗಳಿರಲಿಲ್ಲ. ಮರಳಿ ಬರುವ ನಿರೀಕ್ಷೆಯೂ ಇರಲಿಲ್ಲ. ಏಪ್ರಿಲ್ 7ರ ಮಧ್ಯಾಹ್ನ ಅಮೆರಿಕದ ನೂರಾರು ವಿಮಾನಗಳು ಅಲೆಯಲೆಯಾಗಿ ಎರಗಿದವು. ಎರಡು ಗಂಟೆಯೊಳಗೆ ಹಡಗು ಮಗುಚಿ ಸಿಡಿದು ಮುಳುಗಿತು. ಯಮಾಟೊ ಒಂದರಲ್ಲೇ ಸತ್ತವರು ಸುಮಾರು 3,000 ಮಂದಿ. ಆ ದಿನ ಅಮೆರಿಕ ಕಳೆದುಕೊಂಡದ್ದು 12 ವೈಮಾನಿಕರನ್ನು. ಇದನ್ನು ಯುದ್ಧ ಎನ್ನಬೇಕೋ, ತನ್ನವರನ್ನೇ ಗೊತ್ತಿದ್ದೂ ಬಲಿ ಕೊಟ್ಟ ಆಡಳಿತದ ಅಪರಾಧ ಎನ್ನಬೇಕೋ?

ಇಂಥ ಹಡಗಿನ ಮಾದರಿ ಏನನ್ನು ನೆನಪಿಸಬೇಕು? ಇದಕ್ಕೆ ಉತ್ತರ ಹುಡುಕಲು ನಾವು ವಸ್ತುಸಂಗ್ರಹಾಲಯದಿಂದ ಹೊರಬಂದು, ಮನೆಯ ಮೂಲೆಯ ಮೇಜಿನ ಬಳಿ ಹೋಗಬೇಕಾಗಿದೆ. ಹಡಗಿನ ಮಾದರಿ ಜೋಡಿಸುವುದು ಲೋಕದಾದ್ಯಂತ ಸಾವಿರಾರು ಜನರ ಹವ್ಯಾಸ. ಜಪಾನಿನ ಶಿಜುವೋಕಾ ನಗರದ ತಾಮಿಯಾ ಕಂಪೆನಿ ಯಮಾಟೊವನ್ನು 350ರಲ್ಲಿ ಒಂದಂಶದ ಪ್ರಮಾಣದಲ್ಲಿ ಪ್ಲಾಸ್ಟಿಕ್ ತುಣುಕುಗಳಾಗಿ ಪೆಟ್ಟಿಗೆಯಲ್ಲಿ ತುಂಬಿ ಮಾರಿತು. ಜೋಡಿಸಿ ಮುಗಿಸಿದರೆ ಮುಕ್ಕಾಲು ಮೀಟರ್ ಉದ್ದದ ಹಡಗು. ಯುದ್ಧದ ಆಟಿಕೆಯನ್ನು ಇಷ್ಟು ಗಂಭೀರವಾಗಿ ಚರ್ಚಿಸಬೇಕೇ ಎಂದು ಓದುಗರು ಕೇಳಬಹುದು. ಚರ್ಚಿಸಬೇಕು. ಏಕೆಂದರೆ ಸರಕಾರಗಳು ಮತ್ತು ವಸ್ತುಸಂಗ್ರಹಾಲಯಗಳು ಮರೆಯುವ ಒಂದು ಸಂಗತಿ ಈ ಹವ್ಯಾಸಿಗಳಿಗೆ ಗೊತ್ತಿದೆ.

ತುಣುಕುಗಳನ್ನು ಅಂಟಿಸಿ ಬಣ್ಣ ಹೊಡೆದರೆ ಅವರ ಕೆಲಸ ಮುಗಿಯುವುದಿಲ್ಲ. ಅರ್ಧ ಕೆಲಸ ಶುರುವಾಗುವುದೇ ಆಮೇಲೆ. ಅದಕ್ಕೆ ಅವರು 'ವೆದರಿಂಗ್' ಎನ್ನುತ್ತಾರೆ. ಬಿಸಿಲು, ಮಳೆ, ಉಪ್ಪುನೀರು, ಹೊಗೆ ಮತ್ತು ದುಡಿಮೆ ಹಡಗಿನ ಮೈಮೇಲೆ ಬಿಟ್ಟ ಗುರುತುಗಳನ್ನು ಕೈಯಾರೆ ಮೂಡಿಸುವ ಕೆಲಸ ಅದು. ತೆಳುವಾಗಿಸಿದ ಎಣ್ಣೆಬಣ್ಣವನ್ನು ಸಂದುಗೊಂದುಗಳಿಗೆ ಹರಿಯಬಿಟ್ಟು ಕೊಳೆ ಕೂತಂತೆ ಮಾಡುತ್ತಾರೆ. ಲಂಗರಿನ ಸರಪಳಿ ಹೊರಬರುವ ತೂತಿನ ಕೆಳಗೆ ಸಣ್ಣ ಕುಂಚದಿಂದ ತುಕ್ಕಿನ ಗೆರೆಗಳನ್ನು ಕೆಳಮುಖವಾಗಿ ಎಳೆಯುತ್ತಾರೆ. ಬಣ್ಣದ ಎರಡು ಪದರಗಳ ನಡುವೆ ಉಪ್ಪಿನ ಹರಳು ಅಂಟಿಸಿ ಆಮೇಲೆ ಉಜ್ಜಿ ತೆಗೆದರೆ ಬಣ್ಣ ಸುಲಿದುಹೋದಂತೆ ಕಾಣುತ್ತದೆ. ಹೊಗೆಕೊಳವೆಯ ಬಾಯಿಗೆ ಮಸಿ, ನೀರಿನ ಮಟ್ಟದ ಗೆರೆಯಲ್ಲಿ ಉಪ್ಪಿನ ಬಿಳುಪು. ಡೆಕ್ಕಿನ ಹಲಗೆಗಳಿಗೆ ಒಂದೊಂದಕ್ಕೂ ಒಂದಿಷ್ಟು ಬೇರೆ ಛಾಯೆ.

ಇದರಲ್ಲಿ ಲೆಕ್ಕಾಚಾರವೂ ಇದೆ. ದೂರದ ವಸ್ತು ನಡುವಿನ ಗಾಳಿಯಿಂದಾಗಿ ತುಸು ಮಾಸಲಾಗಿ ಕಾಣುತ್ತದೆ. ಆದ್ದರಿಂದ ಪುಟ್ಟ ಮಾದರಿಗೆ ಹಡಗಿನ ನಿಜವಾದ ಬಣ್ಣವನ್ನೇ ಬಳಿದರೆ ಅದು ಸುಳ್ಳಾಗಿ ಕಾಣುತ್ತದೆ ಎಂದು ಅನೇಕ ಹವ್ಯಾಸಿಗಳು ಬಣ್ಣಕ್ಕೆ ಒಂದಿಷ್ಟು ಬಿಳಿ ಬೆರೆಸುತ್ತಾರೆ. ಇನ್ನು 350ರಲ್ಲಿ ಒಂದಂಶದಲ್ಲಿ ಒಂದು ಮೀಟರ್ ಉದ್ದದ ತುಕ್ಕಿನ ಕಲೆ ಮೂರು ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಕೈ ಸ್ವಲ್ಪ ಜಾರಿದರೆ ನೌಕಾಪಡೆಯ ಹೆಮ್ಮೆಯ ಹಡಗು ಗುಜರಿ ಅಂಗಡಿಯ ಸರಕಾಗಿಬಿಡುತ್ತದೆ.

ಆದ್ದರಿಂದಲೇ ಒಳ್ಳೆಯ ವೆದರಿಂಗ್‌ಗೂ ಕೆಟ್ಟದಕ್ಕೂ ವ್ಯತ್ಯಾಸ ಮಾಡಬೇಕು. ಕೆಟ್ಟದ್ದು ಅಲಂಕಾರ. ಎಲ್ಲೆಂದರಲ್ಲಿ ತುಕ್ಕು ಬಳಿದು, ಯುದ್ಧಕ್ಕೆ ಒಂದು ರೋಚಕ ಮುಖ ಕೊಟ್ಟು ಬೆನ್ನು ತಟ್ಟಿಸಿಕೊಳ್ಳುವುದು. ಯಮಾಟೊ ಸೇವೆಯಲ್ಲಿದ್ದದ್ದು ನಾಲ್ಕು ವರ್ಷವೂ ಇಲ್ಲ. ಅಷ್ಟರಲ್ಲೂ ಸಿಬ್ಬಂದಿ ಅದನ್ನು ಕೆರೆದು ತೊಳೆದು ಬಣ್ಣ ಬಳಿಯುತ್ತಲೇ ಇದ್ದಿರಬೇಕು. ಯುದ್ಧನೌಕೆಯ ದಿನಚರಿಯೇ ಅದು. ಒಳ್ಳೆಯ ವೆದರಿಂಗ್ ಮಾಡುವವನು ಬೇರೊಂದು ಪ್ರಶ್ನೆ ಕೇಳಿಕೊಳ್ಳುತ್ತಾನೆ: ಇಲ್ಲಿ ಯಾರು ಓಡಾಡಿದರು? ಯಾವ ಬಾಗಿಲ ಮುಂದೆ ಹಲಗೆ ಸವೆದಿದೆ? ಯಾವ ಹಗ್ಗ ಎಲ್ಲಿ ಉಜ್ಜಿತು? ಹೀಗೆ ಕೇಳಿಕೊಂಡವನಿಗೆ ಉಕ್ಕಿನ ಹಿಂದಿನ ಮನುಷ್ಯ ಕಾಣಲೇಬೇಕು. 350ರಲ್ಲಿ ಒಂದಂಶದಲ್ಲಿ ಆ ಮನುಷ್ಯನ ಎತ್ತರ ಐದು ಮಿಲಿಮೀಟರ್ ಕೂಡ ಇಲ್ಲ. ಆದರೂ ಸವೆದ ಹಲಗೆ ಅವನಿಗೆ ಸಾಕ್ಷಿ ಹೇಳುತ್ತದೆ.

ಈ ಅಳತೆಗೋಲನ್ನು ಹಿಡಿದು ಮತ್ತೆ ಕುರೆಗೆ ಹೋಗೋಣ. ಅಲ್ಲಿ ಪ್ರಮಾಣ ಹತ್ತರಲ್ಲಿ ಒಂದು. ಫಿರಂಗಿಯ ಬಾಯಿಯೇ ನಾಲ್ಕೂವರೆ ಸೆಂಟಿಮೀಟರಿಗಿಂತ ಅಗಲ. ಮೇಜಿನ ಮೇಲೆ ಕಷ್ಟಪಟ್ಟು ತೋರಿಸಬೇಕಾದ ಗುರುತುಗಳನ್ನು ಇಲ್ಲಿ ಧಾರಾಳವಾಗಿ ತೋರಿಸಬಹುದಿತ್ತು. ಆದರೆ ತೋರಿಸಿಲ್ಲ. ಮಾಹಿತಿಯ ಕೊರತೆ ಇದಕ್ಕೆ ಕಾರಣ ಎನ್ನುವಂತಿಲ್ಲ. ಯುದ್ಧದ ಕೊನೆಯಲ್ಲಿ ನಕ್ಷೆಗಳನ್ನು ಸುಟ್ಟುಹಾಕಿದ್ದರಿಂದ, ಫೋಟೋಗಳೂ ವಿರಳವಾದ್ದರಿಂದ, ಈ ಹಡಗಿನ ವಿವರಗಳನ್ನು ಬಹಳ ಶ್ರಮದಿಂದ ಕಲೆಹಾಕಲಾಗಿದೆ. ಹಡಗಿನ ಮೂತಿಯಲ್ಲಿದ್ದ ಸೇವಂತಿಗೆ ಹೂವಿನ ರಾಜಲಾಂಛನದ ಅಗಲ ಒಂದೂವರೆ ಮೀಟರ್ ಎಂದು ಮೊದಲು ನಂಬಲಾಗಿತ್ತು. ಸಮುದ್ರದಡಿಯ ಚಿತ್ರಗಳನ್ನು ನೋಡಿದ ಮೇಲೆ ಅದು ಸುಮಾರು ಒಂದೇ ಮೀಟರ್ ಎಂದು ಗೊತ್ತಾಯಿತು. ಯೋಚಿಸಿ ನೋಡಿ. ಸುಮಾರು 350 ಮೀಟರ್ ಆಳದಲ್ಲಿ ಎರಡು ತುಂಡಾಗಿ ಬಿದ್ದಿರುವ ಆ ಹಡಗು ಸಾವಿರಾರು ಜನರ ಗೋರಿ. ಆ ಗೋರಿಯಿಂದ ತಂದ ಅಳತೆ ಹೂವನ್ನು ಸರಿಪಡಿಸಲು ಉಪಯೋಗಕ್ಕೆ ಬಂತು. ಗೋರಿ ಹೇಳುವ ಮಿಕ್ಕ ಮಾತು ಮಾದರಿಯ ಮೈಮೇಲೆ ಬರಲಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ, ಆ ವಸ್ತುಸಂಗ್ರಹಾಲಯ ಸಾವನ್ನು ಮುಚ್ಚಿಟ್ಟಿಲ್ಲ. ಸೈನಿಕರು ಮನೆಗೆ ಬರೆದ ಕೊನೆಯ ಪತ್ರಗಳನ್ನು ಅಲ್ಲಿ ಇಡಲಾಗಿದೆ. ಒಳಗೆ ಮನುಷ್ಯನನ್ನು ಕೂರಿಸಿ ಸಾಯಲೆಂದೇ ಬಿಡುತ್ತಿದ್ದ 'ಕೈಟೆನ್' ಟಾರ್ಪಿಡೊ ಕೂಡ ಇದೆ. ಆದರೆ ಅವು ಪಕ್ಕದ ಕೋಣೆಗಳಲ್ಲಿ. ನಟ್ಟನಡುವೆ, ಸುತ್ತು ಬಂದು ಮೇಲಿನ ಮಹಡಿಯಿಂದಲೂ ನೋಡಿ ಬೆರಗಾಗುವಂತೆ ಇರುವುದು ಹೊಸ ಹಡಗು. ಕುರೆಯ ಹಡಗು ಕಟ್ಟುವ ಕೌಶಲ ಯುದ್ಧದ ನಂತರದ ಜಪಾನಿನ ಏಳಿಗೆಗೆ ಅಡಿಪಾಯವಾಯಿತು ಎಂಬ ಕಥೆಗೆ ಈ ಹೊಸತನ ಚೆನ್ನಾಗಿ ಒಪ್ಪುತ್ತದೆ. ಆ ಕಥೆ ಸುಳ್ಳಲ್ಲ. ಅಲ್ಲಿನ ಕೆಲಸಗಾರರ ಕೈಚಳಕಕ್ಕೆ ನಾವೂ ತಲೆಬಾಗುತ್ತೇವೆ. ಆದರೆ ಕೌಶಲವನ್ನು ನಡುವೆ ನಿಲ್ಲಿಸಿ ಅದರ ಫಲವನ್ನು ಪಕ್ಕಕ್ಕೆ ಸರಿಸಿದರೆ ನೋಡುವ ಮಗು ಏನನ್ನು ಮನೆಗೆ ಒಯ್ಯುತ್ತದೆ? ಪತ್ರಗಳನ್ನೋ, ಫಿರಂಗಿಗಳನ್ನೋ?

ಮಾದರಿ ಹಡಗುಗಳು ಮುಗ್ಧವಲ್ಲ ಎಂಬುದಕ್ಕೆ ಜಪಾನಿನ ಸಿನೆಮಾ ಇತಿಹಾಸವೇ ಸಾಕ್ಷಿ. 1942ರಲ್ಲಿ, ಪರ್ಲ್ ಹಾರ್ಬರ್ ದಾಳಿಯ ಮೊದಲ ವರ್ಷಾಚರಣೆಗೆಂದು, ನೌಕಾಪಡೆಯ ಬೆಂಬಲದಿಂದ ಒಂದು ಚಿತ್ರ ತಯಾರಾಯಿತು. ಅದಕ್ಕಾಗಿ ಇಡೀ ಬಂದರನ್ನೂ ಹಡಗುಗಳನ್ನೂ ಮಾದರಿಯಾಗಿ ಕಟ್ಟಿದವರು ಐಜಿ ತ್ಸುಬುರಾಯಾ. ಮುಂದೆ 'ಗಾಡ್ಜಿಲ್ಲಾ' ಚಿತ್ರಕ್ಕೆ ಕೆಲಸ ಮಾಡಿ ಹೆಸರಾದವರು ಅವರೇ. ಪುಟ್ಟ ಹಡಗುಗಳು ಪರದೆಯ ಮೇಲೆ ನಿಜವಾಗಿ ಕಂಡವು, ಜನರನ್ನು ಯುದ್ಧಕ್ಕೆ ಹುರಿದುಂಬಿಸಿದವು. 2005ರಲ್ಲಿ ಜುನ್ಯಾ ಸಾತೊ ನಿರ್ದೇಶನದಲ್ಲಿ ಯಮಾಟೊ ಕುರಿತ ಚಿತ್ರ ಬಂದಾಗ, ಒನೊಮಿಚಿಯಲ್ಲಿ ಹಡಗಿನ ದೊಡ್ಡ ಭಾಗವನ್ನು ಮೂಲದ ಅಳತೆಯಲ್ಲೇ ಕಟ್ಟಲಾಯಿತು. ಆ ಡೆಕ್ಕಿನ ಮೇಲೆ ಹದಿಹರೆಯದ ಹುಡುಗರು ಫಿರಂಗಿಗಳ ಬಳಿ ನಿಂತು ರಕ್ತದಲ್ಲಿ ಬಿದ್ದರು. ಆ ಚಿತ್ರದ ಭಾವುಕತೆಯ ಬಗ್ಗೆ ನಮಗೆ ಆಕ್ಷೇಪವಿದೆ. ಅದು ಸಾವಿಗೆ ಮರುಗುತ್ತದೆಯೇ ಹೊರತು ಸಾಯಲು ಕಳಿಸಿದವರನ್ನು ಗಟ್ಟಿಯಾಗಿ ಪ್ರಶ್ನಿಸುವುದಿಲ್ಲ. ಆದರೂ ಹಡಗಿನ ಮೈಮೇಲೆ ಮನುಷ್ಯರ ಗುರುತು ಬಿಡುವ ಧೈರ್ಯ ಅದಕ್ಕಿತ್ತು.

ಕುರೆಯಿಂದ ರೈಲು ಹತ್ತಿದರೆ ಒಂದು ಗಂಟೆಯೊಳಗೆ ಹಿರೋಶಿಮಾ ನಗರ. ಅಲ್ಲಿನ ಶಾಂತಿ ಸ್ಮಾರಕ ವಸ್ತುಸಂಗ್ರಹಾಲಯದಲ್ಲೂ ಮಾದರಿಯಿದೆ. ಅದು ಅಣುಬಾಂಬಿನಲ್ಲಿ ನೆಲಸಮವಾದ ನಗರದ ಮಾದರಿ. ಅದನ್ನು ನೋಡಿ ಯಾರೂ ಕಟ್ಟಿದವರ ಕೈಚಳಕವನ್ನು ಹೊಗಳುತ್ತಾ ನಿಲ್ಲುವುದಿಲ್ಲ. ಒಂದೇ ಪ್ರಾಂತದಲ್ಲಿ ಎರಡು ಮಾದರಿಗಳು: ಒಂದು ಯುದ್ಧಕ್ಕೆ ಹೊರಡುವ ಮುಂಚಿನದು, ಇನ್ನೊಂದು ಯುದ್ಧ ಬಂದುಹೋದ ಮೇಲಿನದು. ನಡುವಿನ ಕಥೆಯನ್ನು ನೋಡುವವರೇ ಜೋಡಿಸಿಕೊಳ್ಳಬೇಕು. ಎರಡನ್ನೂ ನೋಡದೆ ಒಂದನ್ನು ಮಾತ್ರ ನೋಡಿ ಮರಳುವವನಿಗೆ ಅರ್ಧ ಚರಿತ್ರೆಯಷ್ಟೇ ದಕ್ಕುತ್ತದೆ. ಹಡಗು ಮಾತ್ರ ನೋಡಿದವನಿಗೆ ಹೆಮ್ಮೆ, ಬೂದಿ ಮಾತ್ರ ನೋಡಿದವನಿಗೆ ತಾನು ಬರೀ ಬಲಿಪಶು ಎಂಬ ಭಾವನೆ. ಎರಡೂ ಅಪಾಯವೇ.

ಇನ್ನು ಯಮಾಟೊ ಹೊರಟು ತಲುಪದೇ ಹೋದ ಓಕಿನಾವಾ. ಅಲ್ಲಿ 1995ರಲ್ಲಿ ಒಂದು ಸ್ಮಾರಕ ತೆರೆಯಿತು. ಫಿರಂಗಿಯಿಲ್ಲ, ಹಡಗಿಲ್ಲ. ಕಡಲಿಗೆ ಮುಖ ಮಾಡಿ ನಿಂತ ಕಪ್ಪು ಕಲ್ಲುಗಳ ಸಾಲು ಮತ್ತು ಅವುಗಳ ಮೇಲೆ ಸತ್ತವರ ಹೆಸರುಗಳು. 2,40,000ಕ್ಕೂ ಹೆಚ್ಚು. ದ್ವೀಪದ ರೈತರು, ಹೆಂಗಸರು, ಮಕ್ಕಳು, ಜಪಾನಿನ ಸೈನಿಕರು, ಅಮೆರಿಕದ ಸೈನಿಕರು, ಕೊರಿಯನ್ನರು. ನಮ್ಮವರು, ಶತ್ರುಗಳು ಎಂಬ ಭೇದ ಅಲ್ಲಿಲ್ಲ. ಹೊಸದಾಗಿ ಗುರುತು ಸಿಕ್ಕವರ ಹೆಸರುಗಳನ್ನು ಆಮೇಲೂ ಕೆತ್ತಲಾಗಿದೆ. ಆ ಕಲ್ಲುಗಳು ಬಿಸಿಲು ಮಳೆಯಲ್ಲಿ ತಾವಾಗಿಯೇ ಹಳತಾಗುತ್ತವೆ. ಅವುಗಳಿಗೆ ಯಾರೂ ಕುಂಚ ಹಿಡಿದು ವಯಸ್ಸು ಬಳಿಯಬೇಕಾಗಿಲ್ಲ.

ಹಡಗಿನ ಮಾದರಿ ಕಟ್ಟಬಾರದೆಂದು ನಾವು ಹೇಳುತ್ತಿಲ್ಲ. ಕಟ್ಟಲಿ. ಆದರೆ ತುಕ್ಕಿನ ಒಂದು ಗೆರೆ ಎಳೆಯುವ ಮುನ್ನ ಇಲ್ಲಿ ಯಾರು ದುಡಿದರು ಎಂದು ಕೇಳಿಕೊಳ್ಳುವ ಹವ್ಯಾಸಿಯ ವಿವೇಕವಾದರೂ ದೊಡ್ಡ ಅಂಗಳಗಳಲ್ಲಿ ಹಡಗು ನಿಲ್ಲಿಸುವವರಿಗೆ ಇರಲಿ. ಗುರುತಿಲ್ಲದ ಉಕ್ಕು ನೋಡುವವನಲ್ಲಿ ಇನ್ನೊಂದು ಯಾತ್ರೆಯ ಆಸೆ ಹುಟ್ಟಿಸುತ್ತದೆ. ಸವೆದ ಹಲಗೆಯಾದರೆ ಅದರ ಮೇಲೆ ನಿಂತಿದ್ದವನು ಎಲ್ಲಿ ಹೋದ ಎಂದು ಕೇಳಿಸುತ್ತದೆ.