ಪಾದ್ರಿಯ ಬೈಸಿಕಲ್ಲು ಮತ್ತು ಪಕ್ಕದ ಮನೆ

ಕ್ರೈಸ್ತರಿಗೆ ಕಿರುಕುಳ ಹೆಚ್ಚುತ್ತಿದೆ ಎಂಬ ಮಾತು ಇಂಗ್ಲೆಂಡಿನಿಂದಲೂ ಕೇಳಿಬರುತ್ತದೆ, ನಮ್ಮ ದೇಶದಲ್ಲೂ ಕೇಳಿಬರುತ್ತದೆ. ಮಾತು ಒಂದೇ ಆದರೂ ಅರ್ಥ ಒಂದೇ ಅಲ್ಲ. ಅಲ್ಲಿ ವಿಮಾನ ಕಂಪನಿಯ ಉದ್ಯೋಗಿಯೊಬ್ಬರು 2006ರಲ್ಲಿ ಕೊರಳಿನ ಪುಟ್ಟ ಶಿಲುಬೆಯನ್ನು ಸಮವಸ್ತ್ರದ ಮೇಲೆ ಕಾಣುವಂತೆ ಹಾಕಿಕೊಂಡದ್ದಕ್ಕೆ ಕೆಲಸದಿಂದ ದೂರ ಉಳಿಯಬೇಕಾಯಿತು. 2013ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಆ ಮಹಿಳೆಯ ಪರವಾಗಿ ತೀರ್ಪು ಕೊಟ್ಟಿತು. ಸಮಾಜ ದೇವರನ್ನು ಮರೆಯುತ್ತಿದೆ, ಧರ್ಮದ ಗೊಡವೆ ಬೇಡವೆನ್ನುವವರ ನಡುವೆ ಭಕ್ತರಿಗೆ ಜಾಗವಿಲ್ಲದಂತಾಗುತ್ತಿದೆ ಎಂಬುದು ಅಲ್ಲಿನ ಹಲವರ ದೂರು.

ಈ ದೂರನ್ನು ಹಾಗೆಯೇ ತಂದು ನಮ್ಮ ಮಲೆನಾಡಿಗೆ ಹೊಂದಿಸಲು ಬರುವುದಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಲ್ಲಿ ದೇವರನ್ನು ಮರೆತವರು ಎಷ್ಟು ಮಂದಿ ಇದ್ದಾರೆ? ಇಲ್ಲಿ ಮಠವಿದೆ, ಬಸದಿಯಿದೆ, ಮಸೀದಿಯಿದೆ, ಇಗರ್ಜಿಯಿದೆ. ಎಲ್ಲದರಲ್ಲೂ ಜನ ತುಂಬಿರುತ್ತಾರೆ. ನಮ್ಮಲ್ಲಿ ಜಾತ್ಯತೀತ ಎಂದರೆ ದೇವರನ್ನು ಬಿಟ್ಟದ್ದು ಎಂದಲ್ಲ. ಸರ್ಕಾರ ಯಾವ ದೇವರ ಪಕ್ಷವನ್ನೂ ವಹಿಸುವುದಿಲ್ಲ ಎಂದು. ಈ ಪದ ಸಂವಿಧಾನದ ಪೀಠಿಕೆಗೆ ಬಂದದ್ದು 1976ರಲ್ಲಾದರೂ ಅದರ ತಿರುಳು 25ನೆಯ ವಿಧಿಯಲ್ಲಿ ಮೊದಲಿನಿಂದಲೂ ಇತ್ತು.

ಅದು ಏಕೆ ಬೇಕು ಎಂಬುದಕ್ಕೆ ನಮ್ಮ ಚರಿತ್ರೆಯಲ್ಲೇ ಉತ್ತರವಿದೆ. 1791ರಲ್ಲಿ ಮರಾಠರ ದಂಡಿನ ಜೊತೆ ಬಂದವರು ಶೃಂಗೇರಿ ಮಠವನ್ನು ಕೊಳ್ಳೆ ಹೊಡೆದಾಗ ನೆರವು ಕಳಿಸಿದವನು ಟಿಪ್ಪು ಸುಲ್ತಾನ್. ಅದೇ ಟಿಪ್ಪು 1784ರಲ್ಲಿ ಕರಾವಳಿಯ ಸಾವಿರಾರು ಕ್ಯಾಥೊಲಿಕರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದ. ಒಬ್ಬನೇ ದೊರೆ, ಒಂದು ಕಡೆ ಆಸರೆ, ಇನ್ನೊಂದು ಕಡೆ ಸೆರೆ. ದೊರೆಯ ಮರ್ಜಿಯನ್ನು ನಂಬಿದ ರಕ್ಷಣೆ ಎಷ್ಟು ದಿನದ್ದು? ಇಂಗ್ಲೆಂಡಿನ ಕೆಲವು ಕ್ರೈಸ್ತರಿಗೆ ಭಾರವೆನಿಸಿದ ಜಾತ್ಯತೀತತೆಯೇ ನಮ್ಮ ಕ್ರೈಸ್ತರಿಗೆ ತಲೆಯ ಮೇಲಿನ ಸೂರು. ಅದು ಬಲವಾದಾಗಲಲ್ಲ, ಸೋರತೊಡಗಿದಾಗ ಇವರಿಗೆ ಕಷ್ಟ.

ಇನ್ನು ನಮ್ಮ ಸಾಹಿತ್ಯಕ್ಕೆ ಬರೋಣ. ಕ್ರೈಸ್ತರನ್ನು ನಾವು ಹೇಗೆ ಕಾಣುತ್ತೇವೆ ಎಂಬುದು ಪತ್ರಿಕೆಗಳಿಗಿಂತ ಕಾದಂಬರಿಗಳಲ್ಲಿ ಚೆನ್ನಾಗಿ ತಿಳಿಯುತ್ತದೆ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಯಲ್ಲಿ ಪಾದ್ರಿ ಬರುತ್ತಾರೆ, ಅವರೊಡನೆ ಬೈಸಿಕಲ್ಲೂ ಬರುತ್ತದೆ. ಹಳ್ಳಿಯವರ ಬಾಯಲ್ಲಿ ಅದು 'ಬೀಸೆಕಲ್ಲು' ಆಗುವುದನ್ನು ಓದಿ ನಗದವರುಂಟೇ? ಬೆಟ್ಟಳ್ಳಿಯ ದೇವಯ್ಯನಿಗೆ ಆ ಗಾಡಿಯ ಮೇಲೂ ಮನಸ್ಸು, ಪಾದ್ರಿಯ ಮಾತಿನ ಮೇಲೂ ಮನಸ್ಸು. ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡಿಗೆ ಅದು ನಿಜವಾದ ಚಿತ್ರವೇ. ಆದರೆ ಓದುಗರಾದ ನಾವು ಆ ಒಂದೇ ಚಿತ್ರವನ್ನು ಗೋಡೆಗೆ ತೂಗುಹಾಕಿಕೊಂಡುಬಿಟ್ಟೆವು. ಕ್ರೈಸ್ತ ಎಂದರೆ ಹೊರಗಿನಿಂದ ಬಂದವನು, ನಮ್ಮವರನ್ನು ಸೇರಿಸಿಕೊಳ್ಳಲು ಬಂದವನು. ದೋಷ ಕಾದಂಬರಿಯದಲ್ಲ, ನಮ್ಮ ಓದಿನದು.

ಆಮೇಲೆ ಏನಾಯಿತು? ಕೇರಳದಿಂದ ಬಂದ ಸಿರಿಯನ್ ಕ್ರೈಸ್ತರು ನರಸಿಂಹರಾಜಪುರದ ಸುತ್ತ ಜಮೀನು ಮಾಡಿ ರಬ್ಬರ್ ಹಾಕಿದರು. ಮಂಗಳೂರು ಕಡೆಯ ಕೊಂಕಣಿ ಕ್ಯಾಥೊಲಿಕರು ಘಟ್ಟ ಹತ್ತಿ ಕಾಫಿ ತೋಟಗಳಿಗೆ ಬಂದರು. 1963ರಲ್ಲಿ ಚಿಕ್ಕಮಗಳೂರಿನಲ್ಲಿ ಧರ್ಮಪ್ರಾಂತ್ಯವೇ ಆಯಿತು. ಅವರ ಮಕ್ಕಳು ನಮ್ಮ ತರಗತಿಗಳಲ್ಲಿ ಹಳಗನ್ನಡ ಪದ್ಯವನ್ನು ಬಾಯಿಪಾಠ ಮಾಡಿದರು. ಕ್ರಿಸ್‌ಮಸ್ಸಿಗೆ ಕುಸ್ವಾರಿನ ತಟ್ಟೆ ನಮ್ಮ ಮನೆಗೆ ಬಂತು, ದೀಪಾವಳಿಗೆ ಕಜ್ಜಾಯ ಅವರ ಮನೆಗೆ ಹೋಯಿತು. ಆದರೆ ಈ ಅಡುಗೆಮನೆಗಳು, ಅಲ್ಲಿನ ಹೆಂಗಸರ ಚಿಂತೆಗಳು ನಮ್ಮ ಕನ್ನಡ ಕಥೆಗಳೊಳಗೆ ಎಷ್ಟು ಬಂದವು?

ಸಾಗರದ ನಾ. ಡಿಸೋಜ ಇಗರ್ಜಿಯ ಸುತ್ತಲಿನ ಬದುಕನ್ನು ಬರೆದರು. 2014ರ ಮಡಿಕೇರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದ ಅವರು 2025ರ ಜನವರಿಯಲ್ಲಿ ತೀರಿಕೊಂಡರು. ಅವರ 'ದ್ವೀಪ' ನಮಗೆಲ್ಲ ಗೊತ್ತು. 2002ರಲ್ಲಿ ಗಿರೀಶ್ ಕಾಸರವಳ್ಳಿಯವರ ಸಿನಿಮಾ ಆಯಿತು. ಮುಳುಗಡೆಯ ನೀರು ಏರುತ್ತಿರುವಾಗ ಮನೆ ಬಿಡಲಾರದ ಗಣಪಯ್ಯ ಮತ್ತು ನಾಗವೇಣಿಯ ಸಂಕಟವನ್ನು ಒಬ್ಬ ಕ್ರೈಸ್ತ ಲೇಖಕ ಒಳಗಿನವರಂತೆಯೇ ಬರೆದರು. ನಾಗವೇಣಿಗಾಗಿ ನಾವು ಕಣ್ಣೀರಿಟ್ಟೆವು. ಅವರು ನಮ್ಮ ಮನೆಯನ್ನು ಹೊಕ್ಕು ಬರೆದಷ್ಟು ಪ್ರೀತಿಯಿಂದ ನಮ್ಮವರು ಅವರ ಮನೆಯನ್ನು ಹೊಕ್ಕು ಬರೆದದ್ದು ಕಡಿಮೆ. ನನ್ನ ತಕರಾರು ಇರುವುದು ಇಲ್ಲೇ.

ಇದು ಬರೀ ಸಾಹಿತ್ಯದ ಕೊರತೆ ಎನ್ನಬೇಡಿ. 2008ರ ಸೆಪ್ಟೆಂಬರ್ 14, ಭಾನುವಾರ, ದಕ್ಷಿಣ ಕನ್ನಡ, ಉಡುಪಿ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಚರ್ಚುಗಳ ಮೇಲೆ, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಗಳಾದವು. ಮತಾಂತರ ಮಾಡುತ್ತಾರೆ, ಹಿಂದೂ ದೇವತೆಗಳನ್ನು ಹೀಯಾಳಿಸುವ ಪುಸ್ತಕ ಹಂಚಿದ್ದಾರೆ ಎಂಬ ಆರೋಪ ಅದಕ್ಕೆ ಕಾರಣವಾಗಿ ಹೇಳಲಾಯಿತು. ಆದರೆ ಮಂಗಳೂರಿನಲ್ಲಿ ಪೆಟ್ಟು ಬಿದ್ದದ್ದು ಒಂದು ಸನ್ಯಾಸಿನಿಯರ ಮಠಕ್ಕೂ. ಕ್ಲಾರಾ ಸಭೆಯ ಆ ಸನ್ಯಾಸಿನಿಯರು ಹೊರಗೆ ಹೋಗಿ ಪ್ರಚಾರ ಮಾಡುವವರಲ್ಲ. ನಾಲ್ಕು ಗೋಡೆಗಳ ಒಳಗೆ ಮೌನವಾಗಿ ಪ್ರಾರ್ಥಿಸುವವರು. ಅವರ ಶಿಲುಬೆಯನ್ನೂ ಒಡೆದರು. ಗೋಡೆಯ ಮೇಲಿನ ಪಾದ್ರಿಯ ಚಿತ್ರ ಎಷ್ಟು ದೊಡ್ಡದಾಗಿತ್ತೆಂದರೆ ಅದರ ಹಿಂದೆ ನಿಂತ ಹೆಂಗಸರು ಯಾರಿಗೂ ಕಾಣಲಿಲ್ಲ. ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ 2011ರಲ್ಲಿ ಅಂತಿಮ ವರದಿ ಕೊಟ್ಟಿತು. ಕ್ರೈಸ್ತ ಸಂಘಟನೆಗಳು ಅದನ್ನು ಒಪ್ಪಲಿಲ್ಲ.

ಆಮಿಷ ತೋರಿಸಿ ಮತ ಬದಲಿಸುವುದು ತಪ್ಪಲ್ಲವೇ ಎಂದು ಕೇಳುವವರಿದ್ದಾರೆ. ತಪ್ಪೇ. ಇನ್ನೊಬ್ಬರ ದೇವರನ್ನು ಹಳಿಯುವುದೂ ತಪ್ಪೇ. ಅದನ್ನು ವಿಚಾರಿಸಲು ಪೊಲೀಸರಿದ್ದಾರೆ, ಕೋರ್ಟಿದೆ. ಒಬ್ಬರ ತಪ್ಪಿಗೆ ಬೀದಿಯವರಿಗೆಲ್ಲ ಶಿಕ್ಷೆ ಕೊಡುವ ಅಧಿಕಾರ ಗುಂಪಿಗೆ ಬಂದದ್ದೆಲ್ಲಿಂದ?

ಕಾನೂನೂ ಹೆಂಗಸರನ್ನು ಹೇಗೆ ಕಾಣುತ್ತದೆ ನೋಡಿ. 2022ರಲ್ಲಿ ಕರ್ನಾಟಕದಲ್ಲಿ ಬಂದ ಮತಾಂತರದ ಕಾಯ್ದೆಯಲ್ಲಿ ಅಪ್ರಾಪ್ತರು, ಬುದ್ಧಿ ಸ್ವಾಸ್ಥ್ಯವಿಲ್ಲದವರು, ಪರಿಶಿಷ್ಟರು, ಇವರ ಸಾಲಿನಲ್ಲೇ ಮಹಿಳೆಯೂ ಇದ್ದಳು. ಇವರನ್ನು ಅಕ್ರಮವಾಗಿ ಮತಾಂತರಿಸಿದರೆ 3ರಿಂದ 10 ವರ್ಷ ಸೆರೆ. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ರದ್ದು ಮಾಡಲು ತೀರ್ಮಾನಿಸಿತು. ಆದರೆ ನನಗೆ ಚುಚ್ಚಿದ್ದು ಆ ಸಾಲು. ಮನೆ ನಡೆಸುವ, ಮಕ್ಕಳಿಗೆ ಪಾಠ ಹೇಳುವ, ಓಟು ಹಾಕುವ ಹೆಂಗಸಿಗೆ ತನ್ನ ದೇವರು ಯಾರೆಂದು ತಿಳಿಯುವಷ್ಟು ಬುದ್ಧಿಯಿಲ್ಲವೇ?

ಆದ್ದರಿಂದ ಕ್ರೈಸ್ತರಿಗೆ ಕಿರುಕುಳವಿದೆಯೇ ಎಂದರೆ, ಕೆಲವೊಮ್ಮೆ, ಕೆಲವು ಕಡೆ, ಖಂಡಿತ ಇದೆ ಎನ್ನಬೇಕು. ಅದು ಶುರುವಾಗುವುದು ಕಲ್ಲಿನಿಂದಲ್ಲ. ವರ್ಷಗಟ್ಟಲೆ ಪಕ್ಕದಲ್ಲಿದ್ದವರನ್ನು ಇನ್ನೂ ಬೈಸಿಕಲ್ಲಿನಿಂದ ಇಳಿಯುತ್ತಿರುವ ಅಪರಿಚಿತರೆಂದೇ ಕಾಣುವುದರಿಂದ. ಸೂರು ಸೋರದಂತೆ ನೋಡಿಕೊಳ್ಳುವುದು ಸರ್ಕಾರದ ಕೆಲಸ. ಪಕ್ಕದ ಮನೆಯ ಹೊಸಿಲು ದಾಟುವುದನ್ನು ಯಾವ ಸರ್ಕಾರವೂ ನಮಗಾಗಿ ಮಾಡಿಕೊಡುವುದಿಲ್ಲ.