ದೊಡ್ಡರೋಗದ ನಿರ್ಮೂಲನ: ಚರಿತ್ರಲೇಖನದಲ್ಲಿ ಒಂದು ನ್ಯೂನತೆ

ದನಗಳ ದೊಡ್ಡರೋಗವು (ರಿಂಡರ್‌ಪೆಸ್ಟ್) ಭೂಮಂಡಲದಿಂದಲೇ ತೊಲಗಿತೆಂದು 2011ರಲ್ಲಿ ಘೋಷಿತವಾಯಿತು. ಈ ವಿಜಯವನ್ನು ವರ್ಣಿಸುವ ಬರಹಗಳು ಬಹುಮಟ್ಟಿಗೆ ಪ್ರಯೋಗಶಾಲೆಯ ಕಥೆಯನ್ನೇ ಹೇಳುತ್ತವೆ. 1889ರಲ್ಲಿ ಪುಣೆಯಲ್ಲಿ ಹುಟ್ಟಿ 1893ರಲ್ಲಿ ಮುಕ್ತೇಶ್ವರಕ್ಕೆ ಹೋದ ಸಂಶೋಧನಾಲಯ. ಅಲ್ಲಿ 1920ರ ದಶಕದಲ್ಲಿ ಎಡ್ವರ್ಡ್ಸ್ ಅವರು ಆಡುಗಳಲ್ಲಿ ಬೆಳೆಸಿ ಸೌಮ್ಯಗೊಳಿಸಿದ ವೈರಾಣುವಿನ ಲಸಿಕೆ. ತರುವಾಯ ಪ್ಲೌರೈಟ್ ಅವರ ಅಂಗಾಂಶಕೃಷಿ ಲಸಿಕೆ.

ಈ ನಿರೂಪಣೆಯಲ್ಲಿ ಅಸತ್ಯವಿಲ್ಲವಾದರೂ ನ್ಯೂನತೆಯುಂಟು. ಲಸಿಕೆಯೊಂದೇ ಸಾಕಾಗಿದ್ದರೆ ಭಾರತದಲ್ಲಿ ರೋಗವು 1995ರವರೆಗೆ ಉಳಿದುದೇಕೆ? 1954ರ ರಾಷ್ಟ್ರೀಯ ಯೋಜನೆಯು 5 ವರ್ಷಗಳಲ್ಲಿ ಶೇಕಡಾ 80ರಷ್ಟು ದನ-ಎಮ್ಮೆಗಳಿಗೆ ಲಸಿಕೆ ಹಾಕುವ ಗುರಿಯಿಟ್ಟುಕೊಂಡಿತ್ತು. ರೋಗದ ಹಾವಳಿ ಬಹಳ ತಗ್ಗಿತಾದರೂ ನಿರ್ಮೂಲವಾಗಲಿಲ್ಲ. ಹೊಸ ಕರುಗಳು ಹುಟ್ಟುತ್ತಲೇ ಇದ್ದವು. ರಾಸುಗಳು ಸಂತೆಯಿಂದ ಸಂತೆಗೆ ನಡೆಯುತ್ತಲೇ ಇದ್ದವು. ಕೊನೆಗೆ ಫಲ ಕೊಟ್ಟುದು ಹಳ್ಳಿಹಳ್ಳಿಯಲ್ಲಿ ರೋಗವನ್ನು ಹುಡುಕಿದ ಶೋಧ, ಮತ್ತು ಅಡಗಿದ ಸೋಂಕು ಹೊರಬೀಳಲೆಂದೇ ಲಸಿಕೆಯನ್ನು ಹಂತಹಂತವಾಗಿ ನಿಲ್ಲಿಸಿದ ಧೈರ್ಯ. 2006ರಲ್ಲಿ ಭಾರತವು ರೋಗಮುಕ್ತವೆಂದು ಮಾನ್ಯವಾಯಿತು.

ಈ ಶೋಧದಲ್ಲಿ ದನಗಾಹಿಯ ಮಾತು, ಲಸಿಕೆಗಾರನ ದಿನಚರಿ ಇವೇ ಆಧಾರಗಳು. ಮುದ್ರಿತ ಚರಿತ್ರೆಗಳಲ್ಲಿ ಇವಕ್ಕೆ ಸ್ಥಾನ ದೊರೆತುದು ಅತ್ಯಲ್ಪ. ಕಾಲುಬಾಯಿ ರೋಗದ ವಿರುದ್ಧ 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮವನ್ನು ಹಾಕಿದ ಲಸಿಕೆಗಳ ಸಂಖ್ಯೆಯಿಂದಷ್ಟೇ ಅಳೆಯುವುದಾದರೆ, 1954ರ ಪಾಠವು ವ್ಯರ್ಥವಾದಂತೆಯೇ ಸರಿ. ಆದುದರಿಂದ ತಾಲ್ಲೂಕು ಪಶುವೈದ್ಯ ಕಚೇರಿಗಳ ಕಡತಗಳು ಗೆದ್ದಲು ಹಿಡಿಯುವ ಮುನ್ನ, ವೃದ್ಧ ಲಸಿಕೆಗಾರರು ಇರುವಾಗಲೇ, ಆ ಸಾಮಗ್ರಿಯನ್ನು ಸಂಗ್ರಹಿಸುವುದು ಚರಿತ್ರಕಾರರ ಕರ್ತವ್ಯವೆಂದು ನಾವು ಭಾವಿಸುತ್ತೇವೆ.