ಸಮತ್ವನಿರ್ಣಯ ವಿಚಾರ

ಎರಡು ವಸ್ತುಗಳು ಸಮವಾಗಿರಬೇಕು, ಇಲ್ಲವೆ ಅಸಮವಾಗಿರಬೇಕು; ಮೂರನೆಯ ಪಕ್ಷವಿಲ್ಲವೆಂಬುದು ಪಂಡಿತಪಾಮರರಿಬ್ಬರಿಗೂ ಸಮ್ಮತವಾದ ಮಾತು. ಅನಂತವಿಷಯದಲ್ಲಿ ಈ ನಿಯಮವನ್ನು ನೆಚ್ಚಲಾಗದೆಂದು ಹಾಲೆಂಡಿನ ಗಣಿತಜ್ಞ ಬ್ರೌವರನು 1908ರಲ್ಲಿ ಆಕ್ಷೇಪಿಸಿದನು. ಇದನ್ನು ಓದಿದೊಡನೆ, ಅವನು ತೃತೀಯಕೋಟಿಯನ್ನು ಒಪ್ಪಿದನೆಂದು ಬಗೆದು, ಜೈನರ ಸ್ಯಾದ್ವಾದದೊಡನೆಯೋ ಮಾಧ್ಯಮಿಕರ ಚತುಷ್ಕೋಟಿಯೊಡನೆಯೋ ಹೋಲಿಸಬೇಕೆಂದು ನಮ್ಮಂಥ ಸಂಸ್ಕೃತಾಭ್ಯಾಸಿಗಳಿಗೆ ತೋರುವುದು ಸಹಜ. ಈ ಹೋಲಿಕೆ ನಿಲ್ಲಲಾರದೆಂಬುದು ನಮ್ಮ ಅಭಿಪ್ರಾಯ.

ಬ್ರೌವರನ ಸಂಪ್ರದಾಯದಲ್ಲಿ ‘ಇದು ಅಥವಾ ಅದು’ ಎಂದು ಸಾಧಿಸುವವನು ಎರಡರಲ್ಲಿ ಯಾವುದೆಂದು ಗೊತ್ತುಪಡಿಸುವ ಉಪಾಯವನ್ನೂ ಕೊಡಬೇಕು. ಎಣಿಕೆಯ ಸಂಖ್ಯೆಗಳಲ್ಲಿ ಅದು ಸುಲಭ. ಎರಡರಿಂದಲೂ ಒಂದೊಂದನ್ನೇ ಕಳೆಯುತ್ತ ಹೋದರೆ, ಒಟ್ಟಿಗೆ ಮುಗಿದರೆ ಸಮ, ಒಂದು ಮೊದಲು ಮುಗಿದರೆ ಅಸಮ. ಕೊನೆಯಿಲ್ಲದ ದಶಾಂಶಗಳ ವಿಷಯ ಹಾಗಲ್ಲ. ಎರಡಕ್ಕೆ ಮೇಲ್ಪಟ್ಟ ಸಮಸಂಖ್ಯೆಯೆಲ್ಲವೂ ಎರಡು ಅವಿಭಾಜ್ಯಸಂಖ್ಯೆಗಳ ಮೊತ್ತವೆಂಬ ಊಹೆಯು 1742ರಲ್ಲಿ ಗೋಲ್ಡ್‌ಬಾಖನು ಆಯ್ಲರನಿಗೆ ಬರೆದ ಪತ್ರದಿಂದ ಹುಟ್ಟಿ, ಇನ್ನೂ ಸಿದ್ಧಾಂತವಾಗಿಲ್ಲ. 4, 6, 8 ಎಂದು ಕ್ರಮವಾಗಿ ಪರೀಕ್ಷಿಸಿ, ಊಹೆ ನಿಂತಲ್ಲಿ 0, ತಪ್ಪಿದಲ್ಲಿ 1 ಎಂದು ದಶಾಂಶಬಿಂದುವಿನ ಮುಂದೆ ಬರೆಯುತ್ತ ಹೋಗೋಣ. ಪ್ರತಿಯೊಂದು ಅಂಕೆಯೂ ಪರಿಮಿತಶ್ರಮದಿಂದ ದೊರೆಯುತ್ತದೆ. ಆದರೆ ಆ ಸಂಖ್ಯೆಯು ಸೊನ್ನೆಗೆ ಸಮವೇ ಎಂದರೆ, ಊಹೆಯೇ ಇತ್ಯರ್ಥವಾಗದೆ ಉತ್ತರವಿಲ್ಲ. ಇದು ಈ ಒಂದು ಉದಾಹರಣೆಯ ದೋಷವೂ ಅಲ್ಲ. 1936ರಲ್ಲಿ ಟ್ಯೂರಿಂಗನು ತೋರಿಸಿದ ಮಾರ್ಗದಿಂದ, ಇಂಥ ಸಂಖ್ಯೆಗಳೆಲ್ಲಕ್ಕೂ ಸಲ್ಲುವ ಒಂದೇ ನಿರ್ಣಯವಿಧಾನವು ಅಸಂಭವವೆಂದು ಸಿದ್ಧವಾಗುತ್ತದೆ.

ಹಾಗಾದರೆ ತೃತೀಯಕೋಟಿಯೆಲ್ಲಿ? ‘ಸಮವಲ್ಲ’ ಎಂದರೆ, ಸಮವೆಂದೊಪ್ಪಿದಲ್ಲಿ ವ್ಯಾಘಾತ ಬರುವುದೆಂದೇ ಬ್ರೌವರನ ಅರ್ಥ. ಹೀಗಿರಲು ‘ಸಮವೂ ಅಲ್ಲ, ಅಸಮವೂ ಅಲ್ಲ’ ಎನ್ನುವವನು ಮೊದಲ ಅರ್ಧದಲ್ಲಿ ಸ್ಥಾಪಿಸಿದ ಅಸಮತ್ವವನ್ನೇ ಎರಡನೆಯ ಅರ್ಧದಲ್ಲಿ ತಳ್ಳಿಹಾಕಿದಂತಾಯಿತು. ಅದು ಬ್ರೌವರನ ತರ್ಕದಲ್ಲಿಯೂ ವ್ಯಾಘಾತವೇ. ನಿಯಮವನ್ನು ಅಂಗೀಕರಿಸದಿರುವುದು ಬೇರೆ, ನಿಷೇಧಿಸುವುದು ಬೇರೆ. ಹೋಲಿಕೆ ಬೇಕೇ ಬೇಕೆಂದರೆ, ಪ್ರಮಾಣವಿಲ್ಲದೆ ಪ್ರಮೇಯಸಿದ್ಧಿಯಿಲ್ಲವೆಂಬ ನೈಯಾಯಿಕರ ಹಟವು ಸ್ವಲ್ಪ ಹತ್ತಿರ. ಆದರೆ ಅವರಿಗೂ ಪರಸ್ಪರವಿರುದ್ಧಗಳ ನಡುವೆ ಪ್ರಕಾರಾಂತರವಿಲ್ಲವೆಂಬುದು ಮೊದಲೇ ಸಿದ್ಧ.

ನಿರ್ಣೇಯತೆಯೆಂದರೆ ತಿಳಿಯುವವನ ಸಂಶಯನಿವೃತ್ತಿಯೆಂದಷ್ಟೇ ಭಾವಿಸುವುದೂ ಸರಿಯಲ್ಲ. ಸ್ವೀಡನ್ನಿನ ಮಾರ್ಟಿನ್-ಲೋಫನ ಪದ್ಧತಿಯಲ್ಲಿ ಸಮತ್ವದ ಸಾಧನೆಯೂ ಒಂದು ವಸ್ತುವೇ. ಆದಕಾರಣ ಒಂದೇ ಸಮತ್ವಕ್ಕೆ ಭಿನ್ನವಾದ ಎರಡು ಸಾಧನೆಗಳಿರಬಹುದೇ ಎಂದು ಅಲ್ಲಿ ಕೇಳಬಹುದು. ಇರಲಾರವೆಂದು ಸರ್ವತ್ರ ಸಾಧಿಸಲಾಗದು. ಆದರೆ ಯಾವ ಜಾತಿಯ ವಸ್ತುಗಳಲ್ಲಿ ಸಮತ್ವವು ನಿರ್ಣೇಯವೋ, ಅಲ್ಲಿ ಅಂಥ ಸಾಧನೆಗಳೆರಡೂ ತಮ್ಮಲ್ಲಿ ಸಮವೇ ಎಂಬುದನ್ನು ಹೆಡ್‌ಬರ್ಗನು 1998ರ ಲೇಖನದಲ್ಲಿ ತೋರಿಸಿದನು. ಬರಿಯ ಸಂಶಯದ ಮಾತಾಗಿದ್ದರೆ ವಸ್ತುಗಳ ರಚನೆಯಲ್ಲಿ ಇಂಥ ಫಲವು ಎಲ್ಲಿಂದ ಬಂದೀತು?